ಜರ್ಮನಿಯಲ್ಲಿ ಪೂರ್ವಜರನ್ನು ಹುಡುಕುವವರಿಗೆ ಒಂದು ಸಲಹೆ

ಮೊದಲು ಇಸವಿ ನೋಡಿಕೊಳ್ಳಿ. ಜರ್ಮನಿಯಲ್ಲಿ ಜನನ, ಮದುವೆ, ಮರಣದ ಸರ್ಕಾರಿ ನೋಂದಣಿ ಇಡೀ ದೇಶಕ್ಕೆ ಬಂದದ್ದು 1876ರ ಜನವರಿ 1ರಂದು. ಆಗ ಜರ್ಮನಿಯ ದೊಡ್ಡ ರಾಜ್ಯವಾಗಿದ್ದ ಪ್ರಷ್ಯಾದಲ್ಲಿ 1874ರ ಅಕ್ಟೋಬರ್‌ನಲ್ಲೇ ಶುರುವಾಗಿತ್ತು. ಅದಕ್ಕೂ ಹಿಂದಿನದು ಬೇಕಿದ್ದರೆ ಹೆಚ್ಚಿನ ಕಡೆ ಚರ್ಚಿನ ದಾಖಲೆ ಪುಸ್ತಕವೇ ಗತಿ. ನಮ್ಮ ಕಿಟ್ಟೆಲ್ ಅವರನ್ನೇ ತಗೊಳ್ಳಿ. ಹುಟ್ಟಿದ್ದು 1832ರಲ್ಲಿ, ಹಾಗಾಗಿ ಅದನ್ನು ಚರ್ಚಿನಲ್ಲಿ ಹುಡುಕಬೇಕು. ತೀರಿಕೊಂಡದ್ದು 1903ರಲ್ಲಿ ಟ್ಯೂಬಿಂಗನ್‌ನಲ್ಲಿ, ಅದಕ್ಕೆ ಅಲ್ಲಿನ ನೋಂದಣಿ ಪುಸ್ತಕ.

ಈ ನೋಂದಣಿ ಕಚೇರಿಗೆ ಅಲ್ಲಿ ಸ್ಟಾಂಡೆಸಾಮ್ಟ್ ಅಂತಾರೆ. ಜನನದ ದಾಖಲೆ 110 ವರ್ಷ, ಮದುವೆಯದು 80, ಮರಣದ್ದು 30 ವರ್ಷ ಅಲ್ಲೇ ಇರುತ್ತದೆ. ಅಷ್ಟು ದಿನ ಅದು ಎಲ್ಲರಿಗೂ ಸಿಗಲ್ಲ. ನೇರ ವಂಶಸ್ಥರು ಅಂತ ಪುರಾವೆ ಕೊಟ್ಟರೆ ಸಿಗುತ್ತದೆ. ಅವಧಿ ಮುಗಿದ ಮೇಲೆ ಪುಸ್ತಕಗಳು ಆರ್ಕೈವ್‌ಗೆ ಹೋಗುತ್ತವೆ, ಆಗ ಯಾರು ಬೇಕಾದರೂ ಕೇಳಬಹುದು. ಜನನದ್ದು ಇನ್ನೂ ಮುಚ್ಚಿದ್ದರೆ ಸುಮ್ನೆ ಕಾಯಬೇಡಿ, ಅದೇ ವ್ಯಕ್ತಿಯ ಮರಣದ ದಾಖಲೆ ಕೇಳಿ.

ಮುಖ್ಯವಾದದ್ದು ಇದು: ಸರ್ಟಿಫಿಕೇಟ್ ಕೇಳಬೇಡಿ, ಪುಸ್ತಕದ ಮೂಲ ಪುಟದ ಪ್ರತಿಯನ್ನೇ ಕೇಳಿ. ಸರ್ಟಿಫಿಕೇಟ್‌ನಲ್ಲಿ ನಾಲ್ಕು ಸಾಲು ಬಿಟ್ಟರೆ ಜಾಸ್ತಿ ಏನೂ ಇರಲ್ಲ. ಮೂಲ ಪುಟದಲ್ಲಿ ಕಸುಬು, ಧರ್ಮ, ವಿಳಾಸ, ಸಹಿ ಎಲ್ಲ ಇರುತ್ತೆ. ಮದುವೆಯ ಪುಟವಾದರೆ ಎರಡೂ ಕಡೆಯ ಅಪ್ಪ ಅಮ್ಮ, ಸಾಕ್ಷಿಗಳ ವಯಸ್ಸು ಕೂಡ. ಜನನದ ಪುಟದ ಅಂಚನ್ನು ಮರೆಯದೆ ನೋಡಿ. ಎಷ್ಟೋ ಸಲ ಮುಂದೆ ಆದ ಮದುವೆ, ಮರಣವನ್ನು ಅಲ್ಲೇ ಗೀಚಿಟ್ಟಿರುತ್ತಾರೆ.

ಅಕ್ಷರ ಮಾತ್ರ ಕುರೆಂಟ್, ಅಂದರೆ ಜರ್ಮನ್ನರ ಹಳೆಯ ಕೈಬರಹದ ಲಿಪಿ. ಅದರಲ್ಲಿ 'e' ಅಕ್ಷರ ಥೇಟ್ 'n' ಥರ ಕಾಣುತ್ತೆ, ಹೆಸರು ಓದುವಾಗ ಹುಷಾರು.