ದುಶ್ಶಾಸನ ನನ್ನ ಕಿವಿಯಲ್ಲೇ ಕೂತಿದ್ದ

ಅಣ್ಣನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ತೋಟದ ಪಾಲಿನ ವಿಷಯ, ಬಿಡಿ. ಆಗ ನಾನು ಸಂಜೆ ಹೊತ್ತು ಉಡುಪಿಯ ರಥಬೀದಿಗೆ ಹೋಗಿ, ರಾಜಾಂಗಣದಲ್ಲಿ ಪ್ರವಚನ ಇದ್ದರೆ ಹಿಂದಿನ ಸಾಲಲ್ಲಿ ಕೂರುತ್ತಿದ್ದೆ. ಫ್ಯಾನಿನ ಗಾಳಿಗೆ ಅಂತಲೇ ಹೇಳಬೇಕು.

ಅಲ್ಲಿ ಒಂದು ದಿನ ಮಧ್ವಾಚಾರ್ಯರ ಮಹಾಭಾರತ ತಾತ್ಪರ್ಯ ನಿರ್ಣಯದ ಮಾತು ಬಂತು. 32 ಅಧ್ಯಾಯಗಳ ಗ್ರಂಥ. ಅದರ ಎರಡನೇ ಅಧ್ಯಾಯದಲ್ಲಿ ಆಚಾರ್ಯರು ಭಾರತದ ಪಾತ್ರಗಳಿಗೆ ಒಳ ಅರ್ಥ ಹೇಳುತ್ತಾರೆ. ದುರ್ಯೋಧನ ಅಂದರೆ ಅಜ್ಞಾನ. ಶಕುನಿ ನಾಸ್ತಿಕ್ಯ. ದುಶ್ಶಾಸನ ವಿಪರೀತ ಜ್ಞಾನ, ಅಂದರೆ ಇದ್ದದ್ದನ್ನು ಉಲ್ಟಾ ತಿಳಿಯುವುದು. ಅಶ್ವತ್ಥಾಮ ಅಹಂಕಾರ. ಭಕ್ತಿ, ಜ್ಞಾನ, ವೈರಾಗ್ಯ ಎಲ್ಲ ಸೇರಿದವನು ಭೀಮ. ದ್ರೌಪದಿ ವಿದ್ಯೆ. ಹಾಗಂತ ಕಥೆ ನಡೆದೇ ಇಲ್ಲ ಅಂತ ಅಲ್ಲ. ನಡೆದ ಕಥೆಯೊಳಗೇ ಇನ್ನೊಂದು ಕಥೆ.

ನನಗೆ ಖುಷಿಯಾಯಿತು. ಮನೆಗೆ ಬಂದವನೇ ಅಣ್ಣನನ್ನು ದುರ್ಯೋಧನ ಮಾಡಿದೆ. ಅತ್ತಿಗೆಯ ತಮ್ಮ ಶಕುನಿ. ಭೀಮ ಯಾರು ಅಂತ ಬೇರೆ ಹೇಳಬೇಕಾ? ಆರು ತಿಂಗಳು ಹೀಗೇ ಓದಿದೆ. ಸಿಟ್ಟು ಕಡಿಮೆಯಾಗಲಿಲ್ಲ, ಶಾಸ್ತ್ರದ ಬೆಂಬಲ ಸಿಕ್ಕಿ ಜಾಸ್ತಿಯೇ ಆಯಿತು.

ಆಮೇಲೆ ಒಂದು ದಿನ ಅಣ್ಣ ಫೋನ್ ಮಾಡಿದ. "ಕಾಯಿ ಕೀಳಿಸಿದ್ದೇನೆ, ನಿನಗೆ ಕಳಿಸಲಾ?" ಅಷ್ಟೇ. ನನ್ನ ಕಿವಿಗೆ ಬಿದ್ದದ್ದು, "ತೋಟ ನನ್ನದು, ಭಿಕ್ಷೆ ಹಾಕಲಾ?" ಬೇಡ ಅಂತ ಫೋನ್ ಇಟ್ಟೆ.

ರಾತ್ರಿ ಸಭಾಪರ್ವ ತೆರೆದೆ. ದುಶ್ಶಾಸನ ದ್ರೌಪದಿಯ ಮುಡಿ ಹಿಡಿದು ಎಳೆದು ತರುವ ಜಾಗ. ಚಿಕ್ಕಂದಿನಲ್ಲಿ ಬಯಲಾಟದಲ್ಲಿ ನೋಡಿ ಹೆದರಿದ್ದ ದೃಶ್ಯ. ಈ ಸಲ ಹೆದರಿಕೆ ಬೇರೆ ಥರ ಬಂತು. ಉಲ್ಟಾ ತಿಳಿವಳಿಕೆ ವಿದ್ಯೆಯ ಜುಟ್ಟು ಹಿಡಿದು ಎಳೆಯುತ್ತಿದೆ. ಮಧ್ಯಾಹ್ನ ಫೋನಿನಲ್ಲಿ ಆದದ್ದೂ ಅದೇ ಅಲ್ವಾ? ನನಗೆ ಕನ್ನಡ ಅರ್ಥವಾಗದೆ ಇರಲಿಲ್ಲ. ಕೇಳಿದ್ದನ್ನು ಎಳೆದು ಬೇರೆಯೇ ಮಾಡಿದ್ದೆ. ಭೀಷ್ಮ, ದ್ರೋಣರಂತೆ ನಾನು ಓದಿದ್ದೆಲ್ಲ ಸುಮ್ನೆ ಕೂತಿತ್ತು.

ಅವತ್ತಿನಿಂದ ಒಂದೇ ನಿಯಮ: ಪಾತ್ರದ ಪಕ್ಕದಲ್ಲಿ ಬೇರೆಯವರ ಹೆಸರು ಬರೆಯುವಂತಿಲ್ಲ. ದಿನಕ್ಕೆ ಒಂದು ಸನ್ನಿವೇಶ ಓದುತ್ತೇನೆ. ಇವತ್ತು ಇವನು ನನ್ನೊಳಗೆ ಯಾವಾಗ ಬಂದ ಅಂತ ನೋಟ್‌ಬುಕ್ಕಿನಲ್ಲಿ ಎರಡು ಸಾಲು. ಏನೂ ಹೊಳೆಯದಿದ್ದರೆ ಖಾಲಿ ಬಿಡುತ್ತೇನೆ. ಎಳೆದು ಅರ್ಥ ಹಚ್ಚಿದರೆ ಅದೂ ದುಶ್ಶಾಸನನ ಕೆಲಸವೇ.

ಮೋಕ್ಷ ಅನ್ನುವ ದೊಡ್ಡ ಮಾತು ನನಗೆ ಬೇಡ. ಮಾತು ಕಿವಿಗೆ ಬಿದ್ದ ಮೇಲೆ ಸಿಟ್ಟು ಏಳುವ ಮೊದಲು ಈಗ ಒಂದು ಗಳಿಗೆ ಸಿಗುತ್ತದೆ. ಮೊದಲು ಅದು ಇರಲಿಲ್ಲ.

ಪಾಲಿನ ವಿಷಯ ಇನ್ನೂ ಮುಗಿದಿಲ್ಲ. ಆದರೆ ಹೋದ ತಿಂಗಳು ನಾನೇ ಅಣ್ಣನಿಗೆ ಫೋನ್ ಮಾಡಿ ಕಾಯಿ ಕಳಿಸು ಅಂದೆ. ಇಟ್ಟ ಕೂಡಲೇ ಹೆಂಡತಿಗೆ ಹೇಳಿದೆ, "ನೋಡು, ನಾನೇ ಮೊದಲು ಮಾತಾಡಿದೆ." ಅವಳು ನಕ್ಕಳು. ಯುದ್ಧ ಮುಗಿದರೂ ಸಾಯದವನು ಅಶ್ವತ್ಥಾಮ. ಅವತ್ತಿನ ಪುಟದಲ್ಲಿ ಅವನ ಹೆಸರೇ ಇದೆ.