ಚಿತ್ರಮೂಲ ಮೊದ್ಲು, ಸರ್ವಜ್ಞ ಪೀಠ ಆಮೇಲೆ

ಕೊಡಚಾದ್ರಿಗೆ ಮುಂಚೆ ಎರಡು ಸಲ ಹೋಗಿದ್ದೆ, ಎರಡು ಸಲಾನೂ ಜೀಪಲ್ಲಿ, ಎರಡು ಸಲಾನೂ ಬೆಟ್ಟದ ತುದೀಲಿರೋ ಸರ್ವಜ್ಞ ಪೀಠದ ಹತ್ರ ಮಂಜಲ್ಲಿ ನಿಂತು ಒಂದು ಫೋಟೋ ಹೊಡ್ಕೊಂಡು ವಾಪಸ್. ಕೇಳಿದೋರಿಗೆ ಮಾತ್ರ "ನೋಡಿದೀನಿ ಬಿಡ್ರಿ" ಅಂತ ಜಂಬ. ಈ ಸಲ ನವೆಂಬರ್ ಮೊದಲ ವಾರ, ನಡ್ಕೊಂಡೇ ಹತ್ತೋಣ, ಪೀಠದ ಹಿಂದೆ ಕೆಳಗಿರೋ ಚಿತ್ರಮೂಲದ ಗುಹೆ ನೋಡ್ದೆ ಬರೋದು ಬೇಡ ಅಂತ ನಾನು, ನಮ್ಮ ಭಾವ, ಅವರ ಆಫೀಸಿನ ಇಬ್ರು ಹುಡುಗ್ರು ಹೊರಟ್ವಿ.

ಬೆಂಗಳೂರಿಂದ ರಾತ್ರಿ ತಾಳಗುಪ್ಪ ಟ್ರೇನು, ಬೆಳಿಗ್ಗೆ ಸಾಗರದಲ್ಲಿ ಇಳಿದು ಗಾಡಿ ಮಾಡ್ಕೊಂಡು ನಿಟ್ಟೂರು. ಅಲ್ಲೊಂದು ಹೋಂಸ್ಟೇನಲ್ಲಿ ಕಡುಬು ಚಟ್ನಿ ತಿಂದ್ವಿ, ಗೈಡನ್ನ ಹೇಳಿಟ್ಟಿದ್ದೂ ಅವರೇ. ಗೈಡಿಗೆ ಐವತ್ತರ ಮೇಲಿನ ವಯಸ್ಸು, ಹವಾಯಿ ಚಪ್ಲಿ, ಕೈಯಲ್ಲೊಂದು ಕತ್ತಿ, ಅಷ್ಟೇ. ನಮ್ಮ ಐದೈದು ಸಾವಿರದ ಶೂ ನೋಡಿ ಏನೂ ಹೇಳ್ಲಿಲ್ಲ, "ಉಂಬಳಕ್ಕೆ ಏನು ತಂದಿದೀರಿ?" ಅಂತ ಒಂದೇ ಕೇಳಿದ್ರು. ನಮ್ಮ ಸ್ಯಾನಿಟೈಸರ್ ಬಾಟ್ಲಿ ತೋರಿಸಿದ್ವಿ. ನಕ್ಕು, ಹೊಗೆಸೊಪ್ಪು ನೆನೆಸಿದ ನೀರು ತಂದು ಸಾಕ್ಸಿಗೆ ಹಚ್ಚಿದ್ರು, ಒಂದು ಬಟ್ಟೆಯಲ್ಲಿ ಉಪ್ಪು ಕಟ್ಟಿ ಕೈಗೆ ಕೊಟ್ರು. ಉಂಬಳ ಅಂದ್ರೆ ಬೆಂಗಳೂರಿನ ಭಾಷೇಲಿ ಜಿಗಣೆ. ಮಳೆ ನಿಂತು ಮೂರು ವಾರ ಆಗಿದ್ರೂ ಒದ್ದೆ ತರಗೆಲೆ ಇದ್ದ ಕಡೆ ಎಲ್ಲ ತಲೆ ಎತ್ತಿ ಕಾಯ್ತಾ ಇದ್ವು. ನಿಂತ್ರೆ ಹತ್ತುತ್ತೆ, ಅದ್ಕೇ ಶೂ ಚೆಕ್ ಮಾಡೋದಿದ್ರೆ ಬಂಡೆ ಮೇಲೋ ಬಿಸಿಲಲ್ಲೋ ಮಾತ್ರ ನಿಲ್ಲಿ ಅನ್ನೋದು ಅವರ ರೂಲು.

ಫಾರೆಸ್ಟಿನವರ ಟಿಕೆಟ್ ಮುಗಿಸಿ ಹಿಡ್ಲುಮನೆ ಜಲಪಾತದ ದಾರಿ ಹಿಡಿದ್ವಿ. ಮೊದ್ಲು ತೋಟ ಗದ್ದೆ, ಆಮೇಲೆ ಕಾಡು, ಆಮೇಲೆ ನೀರು. ಜಲಪಾತ ಒಂದೇ ಅಲ್ಲ, ಮೆಟ್ಲು ಮೆಟ್ಲಾಗಿ ಬೀಳುತ್ತೆ, ಪಕ್ಕದಲ್ಲೇ ಬೇರು ಹಿಡ್ಕೊಂಡು ಹತ್ತಬೇಕು, ನನಗೆ ಇಡೀ ದಿನದಲ್ಲಿ ಭಯ ಆಗಿದ್ದು ಅಲ್ಲೇ. ಅಲ್ಲಿಂದ ಮೇಲೆ ಹುಲ್ಲುಗಾವಲು, ಬಿಸಿಲು. ಹಾದಿ ಮಣ್ಣು ಕೆಂಪು, ಕಲ್ಲು ಎತ್ತಿ ನೋಡಿದ್ರೆ ಗಾತ್ರಕ್ಕಿಂತ ಜಾಸ್ತಿ ತೂಕ, ಕಬ್ಬಿಣದ ಅದಿರಿನ ಬೆಟ್ಟ ಇದು. ಮೂಲ ಮೂಕಾಂಬಿಕೆ ಗುಡಿ ಮುಂದೆ ನಿಂತಿರೋ ಕಬ್ಬಿಣದ ಕಂಬ ಅಷ್ಟು ವರ್ಷದ ಮಳೆಗೂ ತುಕ್ಕು ತಿಂದು ಬಿದ್ದಿಲ್ಲ, ಮೂಕಾಸುರನ್ನ ಕೊಂದ ತ್ರಿಶೂಲ ಅಂತಾರೆ ಜನ.

ಗುಡಿ ಹತ್ರ ಭಟ್ರ ಮನೇಲಿ ಅನ್ನ ಸಾರು ಮಜ್ಜಿಗೆ. ಮುಂಚೆನೇ ಫೋನ್ ಮಾಡಿ ಹೇಳ್ಬೇಕು, ಹಾಗೇ ಹೋದ್ರೆ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಹೊಟ್ಟೆ ತುಂಬ ತಿಂದಿದ್ದು ನನ್ನ ತಪ್ಪು, ಅಲ್ಲಿಂದ ಪೀಠಕ್ಕೆ ಇನ್ನೂ ಒಂದೂವರೆ ಎರಡು ಕಿಲೋಮೀಟರ್ ಏರು, ಗಣಪತಿ ಗುಹೆ ದಾಟೋಷ್ಟರಲ್ಲಿ ನನ್ನ ಉಸಿರು ಭಾವನಿಗೆ ಕೇಳ್ತಿತ್ತಂತೆ.

ಮೇಲೆ ಹೋದ್ರೆ ಮತ್ತದೇ ಮಂಜು! 1343 ಮೀಟರ್ ಎತ್ತರದ ಬೆಟ್ಟ ಹತ್ತಿದ್ದು ಬಿಳಿ ಗೋಡೆ ನೋಡೋಕಾ ಅಂತ ಬೇಜಾರಾಯ್ತು. ಶಂಕರಾಚಾರ್ಯರ ಮೂರ್ತಿ ಇರೋ ಆ ಪುಟ್ಟ ಕಲ್ಲಿನ ಮಂಟಪದ ಕಟ್ಟೆ ಮೇಲೆ ಕೂತ್ಕೊಂಡು, ಇಲ್ಲೇ ಕಾಯೋಣ ಅಂದ್ವಿ. ಗೈಡು ಕೇಳ್ಲಿಲ್ಲ. "ಈಗ ಕೂತ್ರೆ ಕಾಲು ಬಿಗಿಯುತ್ತೆ, ಆಮೇಲೆ ನೀವು ಗುಹೆಗೆ ಬರಲ್ಲ ಮಾರಾಯ್ರೆ, ಏಳಿ, ಗಾಳಿ ತಿರುಗೋಷ್ಟರಲ್ಲಿ ಹೋಗಿ ಬರಬಹುದು." ಆಫೀಸಿನ ಹುಡುಗ್ರು ಮೊಬೈಲ್ ಹಿಡ್ಕೊಂಡು ಅಲ್ಲೇ ಉಳಿದ್ರು, ನಾವಿಬ್ರು ಗೊಣಗ್ತಾನೇ ಎದ್ವಿ.

ಪೀಠದ ಹಿಂದೆ ದಾರಿ ಸೀದಾ ಕೆಳಗೆ ಶೋಲಾಗೆ, ಅಂದ್ರೆ ಹುಲ್ಲುಬೆಟ್ಟಗಳ ಮಡಿಕೇಲಿ ಬೆಳೆಯೋ ದಟ್ಟ ಕಾಡಿಗೆ ಇಳಿಯುತ್ತೆ. ಏರಿಗಿಂತ ಈ ಇಳಿಜಾರೇ ಮಂಡಿ ಮುರಿಯೋದು. ಪಾದ ಅಡ್ಡ ಇಡಿ, ಮರ ಹಿಡಿಯೋ ಮೊದ್ಲು ಅದು ಒಣಗಿದೆಯಾ ನೋಡಿ ಅಂತ ಹೇಳ್ಕೊಡ್ತಾ ಅವರು ಚಪ್ಲೀಲಿ ಆರಾಮಾಗಿ ಇಳಿದ್ರು, ನಾನು ಎರಡು ಸಲ ಕುಂಡೆ ಊರಿದೆ. ಕೊನೆಗೆ ನೇರ ನಿಂತ ಬಂಡೆ, ಅದಕ್ಕೊಂದು ಕಬ್ಬಿಣದ ಏಣಿ, ಮೇಲೆ ಗುಹೆ. ನಾನೇನೋ ದೊಡ್ಡದಿರುತ್ತೆ ಅಂದ್ಕೊಂಡಿದ್ದೆ, ಕೆಲವರು ಮಾತ್ರ ಕೂರಬಹುದಾದಷ್ಟು ಜಾಗ. ಒಳಗೆ ಲಿಂಗ, ಮೇಲಿಂದ ತೊಟ್ಟಿಕ್ಕೋ ನೀರು. ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿದ್ರು ಅಂತ ನಂಬಿಕೆ. ಕೊಡಚಾದ್ರಿನ ಕುಟಜಾದ್ರಿ ಅಂತ ಕರೆಯೋ ಕೇರಳದ ಭಕ್ತರು ಬರಿಗಾಲಲ್ಲಿ ಇಲ್ಲಿ ತನಕ ಇಳಿತಾರಂತೆ. ನಾವು ಕೈಯೊಡ್ಡಿ ನೀರು ಕುಡಿದು, ಮೊಬೈಲಿಗೆ ಸಿಗ್ನಲ್ ಇಲ್ಲದೇ ಇದ್ದಿದ್ದಕ್ಕೋ ಏನೋ, ಇಪ್ಪತ್ತು ನಿಮಿಷ ಸುಮ್ನೆ ಕೂತ್ವಿ.

ವಾಪಸ್ ಹತ್ತೋಕೆ ಒಂದು ಗಂಟೆ. ಪೀಠಕ್ಕೆ ಇನ್ನೇನು ಹತ್ತು ಹೆಜ್ಜೆ ಅನ್ನೋವಾಗ ಕಾಲ ಕೆಳಗೆ ಮಂಜು ಹರಿದು, ಮೊದ್ಲು ಒಂದು ಹಸಿರು ಅಂಚು, ಆಮೇಲೆ ಕೊಲ್ಲೂರು ಕಡೆಯ ಕಣಿವೆ, ಅದರಾಚೆ ತುಂಬ ದೂರ ಬೆಳ್ಳಿ ಗೆರೆ ಥರ ಅರಬ್ಬಿ ಸಮುದ್ರ. ಆಫೀಸಿನ ಹುಡುಗ್ರು? ಚಳಿ ಅಂತ ಆಗ್ಲೇ ಕೆಳಗಿಳಿದು ಭಟ್ರ ಮನೆ ಕಟ್ಟೆ ಮೇಲೆ ಚಹಾ ಕುಡೀತಿದ್ರು.

ಇಳಿಯೋಕೆ ಮಾತ್ರ ಜೀಪು, ಅದರಲ್ಲಿ ನಾಚಿಕೆ ಏನಿಲ್ಲ. ರಾತ್ರಿ ಟ್ರೇನಲ್ಲಿ ಸಾಕ್ಸ್ ಬಿಚ್ಚಿದಾಗ ನನಗೆ ಒಂದೂ ಉಂಬಳ ಕಚ್ಚಿರ್ಲಿಲ್ಲ. ಭಾವನ ಸೊಂಟದ ಹತ್ರ ಒಂದು ದ್ರಾಕ್ಷಿ ಸೈಜಿಂದು ಸಿಕ್ತು.