ಓಡುವ ಬೈಕ್ ಎಳೆಯುವುದು ಬಿಟ್ಟರೆ: ಎಂಜಿನ್ ತಣ್ಣಗಾಗುವ ಮೊದಲು ನಾನು ನೋಡುವುದು

ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಎಳೆಯುವುದು ಬಿಟ್ಟರೆ ಹೆಚ್ಚಿನವರು ಪಕ್ಕಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ಕಾಯುತ್ತಾರೆ. ಆಮೇಲೆ ಸ್ಟಾರ್ಟ್ ಆಗುತ್ತದೆ, ಗ್ಯಾರೇಜಿಗೂ ಹೋಗಿ ಮುಟ್ಟುತ್ತದೆ. ಅಲ್ಲಿ ನೋಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ! ಬಿಸಿಯಲ್ಲಿ ಮಾತ್ರ ಕಾಣುವ ದೋಷವನ್ನು ಬಿಸಿಯಲ್ಲೇ ಹಿಡಿಯಬೇಕು. ಅದಕ್ಕೇ ನನ್ನ ಸೀಟಿನಡಿ ಪ್ಲಗ್ ಸ್ಪ್ಯಾನರ್, ಅದೇ ನಂಬರಿನ ಇನ್ನೊಂದು ಪ್ಲಗ್, ಸ್ಕ್ರೂಡ್ರೈವರ್ ಮತ್ತು ಸಣ್ಣದೊಂದು ಗಾಜಿನ ಬಾಟಲಿ ಸದಾ ಇರುತ್ತವೆ. ಇಲ್ಲಿ ಹೇಳುತ್ತಿರುವುದು 100ರಿಂದ 150 ಸಿಸಿಯ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಗಾಡಿಗಳ ವಿಷಯ.

ಗಾಡಿ ನಿಲ್ಲುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ. ಎಂಜಿನ್ ಕೂಗುತ್ತಿದೆ, ವೇಗ ಮಾತ್ರ ಏರುತ್ತಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು, ಇದ್ದರೂ ಜಾರುತ್ತಿದ್ದರೆ ಇತ್ತೀಚೆಗೆ ಹಾಕಿದ ಆಯಿಲ್ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (ಆಯಿಲಿನಲ್ಲೇ ಮುಳುಗಿರುವ ಬೈಕ್ ಕ್ಲಚ್ಚಿಗೆ ಹೊಂದುವ ಆಯಿಲಿನ ಗುರುತು) ಎಂದಿದೆಯೇ ನೋಡಿ. ಕಾರಿನ ಆಯಿಲ್ ಹಾಕಿದರೆ ಹೀಗಾಗುವುದುಂಟು. ಇನ್ನು, ಸ್ವಲ್ಪ ಸ್ವಲ್ಪವೇ ಸೊರಗಿ, ಎಕ್ಸಲೇಟರ್ ಬಿಟ್ಟಾಗ ತುಸು ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ. ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ಕಟ್ ಆದರೆ ಕರೆಂಟಿನ ಕಡೆ ನೋಡಬೇಕು. ಎಂಜಿನ್ ಬಿಗಿಯಾಗಿ ಹಿಡಿದಂತೆ ಅನ್ನಿಸಿದರೆ ಮಾತ್ರ ಕಿಕ್ ಹೊಡೆಯಲೇ ಬೇಡಿ, ಮೊದಲು ಆಯಿಲ್ ಮಟ್ಟ ನೋಡಿ.

ನಿಂತ ಕೂಡಲೇ ನಾನು ಮಾಡುವ ಮೊದಲ ಕೆಲಸ ಟ್ಯಾಂಕಿನ ಮುಚ್ಚಳ ತೆಗೆಯುವುದು. 'ಸುಸ್' ಎಂದು ಗಾಳಿ ಒಳಗೆಳೆದುಕೊಂಡು, ಆಮೇಲೆ ಗಾಡಿ ಸರಿಹೋದರೆ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದೆ ಎಂದರ್ಥ. ಪೆಟ್ರೋಲ್ ಇಳಿದ ಜಾಗಕ್ಕೆ ಗಾಳಿ ಬಾರದೆ ಒಳಗೆ ನಿರ್ವಾತ ಹುಟ್ಟುತ್ತದೆ, ಕೊನೆಗೆ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಟ್ಯಾಂಕ್ ತುಂಬಿಸಿದಾಗ ಈ ಕಾಟ ಬೇಗ ಶುರುವಾಗುತ್ತದೆ, ಏಕೆಂದರೆ ಒಳಗಿನ ಗಾಳಿಯ ಜಾಗ ಚಿಕ್ಕದು. ತೆಳು ತಾಮ್ರದ ಎಳೆಯಿಂದ ರಂಧ್ರ ಬಿಡಿಸಿದರೆ ಸಾಕು.

ಮುಂದೆ ಸ್ಪಾರ್ಕ್. ಇದನ್ನು ಪೆಟ್ರೋಲ್ ಪೈಪ್ ಮುಟ್ಟುವ ಮೊದಲೇ ಮುಗಿಸಬೇಕು. ಎಂಜಿನ್ನಿನ ಪ್ಲಗ್ ಬಿಚ್ಚುವುದಿಲ್ಲ; ಕ್ಯಾಪ್ ಕಿತ್ತು ಇನ್ನೊಂದು ಪ್ಲಗ್‌ಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಹೆಡ್‌ನ ಬೋಲ್ಟಿಗೆ ಗಟ್ಟಿಯಾಗಿ ತಾಗಿಸಿ ಕಿಕ್ ಹೊಡೆಯುತ್ತೇನೆ. ಹಾಗೆ ಮಾಡಿದರೆ ಬಿಸಿ ಪ್ಲಗ್ಗಿಂದ ಕೈ ಸುಡುವುದಿಲ್ಲ, ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮಿ ಕಿಡಿಗೆ ತಾಗುವ ಭಯವೂ ಇಲ್ಲ. ಚಟ್ ಎಂಬ ಸದ್ದಿನೊಂದಿಗೆ ನೀಲಿ ಕಿಡಿ ಬರಬೇಕು. ಹಳದಿಯಾಗಿ ಸೊರಗಿದ್ದರೆ ಮೊದಲ ಅನುಮಾನ ಪ್ಲಗ್ ಕ್ಯಾಪ್ ಮೇಲೆ. ಅದರೊಳಗಿನ ರೆಸಿಸ್ಟರ್ ಸಾಮಾನ್ಯವಾಗಿ 5 ಕಿಲೋ ಓಮ್. ಅಳೆದಾಗ ಅದರ ಮೂರು-ನಾಲ್ಕು ಪಟ್ಟು ತೋರಿದರೆ ಎಸೆಯಬಹುದು. ಹೊಸದನ್ನು ಹಾಕುವಾಗ ವೈರ್ ತುದಿಯ 5 ಮಿ.ಮೀ. ಕತ್ತರಿಸಿ, ಹೊಳೆಯುವ ತಾಮ್ರಕ್ಕೆ ಕ್ಯಾಪ್ ತಿರುಗಿಸಿ ಕೂರಿಸಬೇಕು.

ಬಿಸಿಯಲ್ಲಿ ಕಿಡಿಯೇ ಇಲ್ಲ, ತಣ್ಣಗಾದ ಮೇಲೆ ಬರುತ್ತದೆ ಎಂದರೆ ಮ್ಯಾಗ್ನೆಟ್ ಬದಿಯ ಪಲ್ಸರ್ ಕಾಯಿಲ್ (ಕಿಡಿ ಯಾವಾಗ ಎಂಬ ಸೂಚನೆ ಕೊಡುವುದು) ಅಥವಾ ಇಗ್ನಿಷನ್ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವುದು) ಕೆಟ್ಟಿರುತ್ತದೆ. ಬಿಸಿಗೆ ಹಿಗ್ಗಿದಾಗ ಒಳಗೆಲ್ಲೋ ತಂತಿ ಬಿಟ್ಟುಕೊಳ್ಳುತ್ತದೆ. ಮಲ್ಟಿಮೀಟರಿನಲ್ಲಿ ತಣ್ಣಗಿರುವಾಗೊಮ್ಮೆ, ಬಿಸಿಯಲ್ಲೊಮ್ಮೆ ಅಳೆಯಿರಿ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಏರುತ್ತದೆ, ಹಾಗಾಗಿ 50 ಡಿಗ್ರಿ ಬಿಸಿಗೆ ಶೇ. 20ರಷ್ಟು ಹೆಚ್ಚಾದರೆ ಗಾಬರಿ ಬೇಡ. ಅಂಕಿ ಕುಣಿದರೆ ಅಥವಾ ಮೀಟರ್ ಏನನ್ನೂ ತೋರದಿದ್ದರೆ ಕಾಯಿಲ್ ಹೋಗಿದೆ. ಸಿಡಿಐ (ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಬದಲಿಸಿ ಎನ್ನುವವರು ಬಹಳ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಕಿಡಿ ಚೆನ್ನಾಗಿದ್ದರೆ ಕಾರ್ಬ್ಯುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ, ಅಂದರೆ ಬೌಲಿನ, ಡ್ರೈನ್ ಸ್ಕ್ರೂ ಸಡಿಲಿಸಿ ಬಾಟಲಿಗೆ ಹಿಡಿಯಬೇಕು. ಸೈಲೆನ್ಸರ್ ಪೈಪ್ ಮೇಲೆ ಹನಿ ಬೀಳದಂತೆ ಜೋಪಾನ. ಬಾಟಲಿಯ ತಳದಲ್ಲಿ ನೀರು ಗುಂಡಾಗಿ ಬೇರೆಯೇ ಉರುಳಾಡುವುದು ಕಾಣುತ್ತದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಸ್ವಲ್ಪ ನೀರನ್ನು ಒಳಗೇ ಇಟ್ಟುಕೊಳ್ಳುತ್ತದೆ. ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಕೆಳಗಿಳಿಯುತ್ತವೆ. ಆಗ ಬೌಲ್ ಮಾತ್ರವಲ್ಲ, ಟ್ಯಾಂಕನ್ನೇ ಬರಿದು ಮಾಡಬೇಕು. ಟ್ಯಾಂಕಿನಡಿಯ ಪೆಟ್ರೋಲ್ ಕಾಕ್ ತೆರೆದಾಗ ಧಾರೆ ಬಾರದೆ ತೊಟ್ಟಿಕ್ಕಿದರೆ ಕಾಕ್‌ನ ಜಾಲರಿಯಲ್ಲಿ ಕಸ ತುಂಬಿದೆ.

ಪೆಟ್ರೋಲ್, ಕಿಡಿ ಎರಡೂ ಇದ್ದು, ಬಿಸಿಯಲ್ಲಿ ಕಿಕ್ ತೀರಾ ಹಗುರ ಅನ್ನಿಸಿದರೆ ಟ್ಯಾಪೆಟ್, ಅಂದರೆ ವಾಲ್ವ್ ತುದಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು, ನೋಡಬೇಕು. ವಾಲ್ವ್ ಸವೆದು ಸೀಟಿನೊಳಗೆ ಇಳಿದಂತೆ ಸಂದು ಕಡಿಮೆಯಾಗುತ್ತದೆ. ಬಿಸಿಗೆ ಉದ್ದವಾದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ಟಕಟಕ ಸದ್ದು ನಿಂತಿತು ಎಂದು ಖುಷಿಪಡುವ ಹೊತ್ತಿನಲ್ಲೇ ಇದು ಶುರುವಾಗಿರುತ್ತದೆ. ಹೊಂದಿಸುವುದು ಮಾತ್ರ ಪೂರ್ತಿ ತಣ್ಣಗಾದ ಎಂಜಿನ್ನಿನಲ್ಲಿ, ಕಂಪ್ರೆಷನ್ ಸ್ಟ್ರೋಕಿನ ಟಿ ಗುರುತಿಗೆ (ಪಿಸ್ಟನ್ ತೀರಾ ಮೇಲೆ ಬಂದ ಸ್ಥಾನ) ತಂದು. ಸಣ್ಣ ಎಂಜಿನ್‌ಗಳಲ್ಲಿ ಸಂದು ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ.; ನಿಮ್ಮ ಮಾದರಿಯ ಅಂಕಿಯನ್ನೇ ಹಿಡಿಯಿರಿ.

2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲಿನ ಇಂಜೆಕ್ಷನ್ (ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಪಂಪ್ ಒತ್ತಡದಲ್ಲಿ ಸಿಂಪಡಿಸುವ) ಗಾಡಿಗಳಲ್ಲಿ ದಾರಿಯಲ್ಲಿ ಮಾಡುವಂಥದ್ದು ಕಡಿಮೆ. ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ಆರಿಸುವ ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಕೆಸರು ಮೆತ್ತಿದೆಯೇ ನೋಡಿ. ಕೀ ಹಾಕಿದಾಗ ಟ್ಯಾಂಕಿನೊಳಗಿಂದ ಎರಡು-ಮೂರು ಸೆಕೆಂಡ್ ಪಂಪ್ ಗುಂಯ್‌ಗುಡಬೇಕು. ಆ ಸದ್ದಿಲ್ಲದಿದ್ದರೆ ಪಂಪ್ ಬಿಚ್ಚುವ ಮೊದಲು ಫ್ಯೂಸ್ ನೋಡಿ.